ಅಂಕುರಕ್ಕೆ ನೀರು: ಮದರಾಸಿನ ಪಾಲಿಕಾಪಾತ್ರೆಯೂ ಕನ್ನಡನಾಡಿನ ಘಟವೂ

ಕೆರೆ ಕಟ್ಟಿಸಿದವನ ಹೆಸರನ್ನು ನಮ್ಮ ಶಾಸನಗಳು ಮರೆತಿಲ್ಲ. ಕಾಲುವೆ ತೋಡಿಸಿದ ಅರಸನಿಗೂ ಏರಿಯನ್ನು ಕಾಯ್ದುಕೊಂಡ ಊರವರಿಗೂ ಚರಿತ್ರೆಯಲ್ಲಿ ತಕ್ಕ ಸ್ಥಾನ ದೊರೆತಿದೆ. ಆದರೆ ಮನೆಯ ಒಳಗೆ, ಒಂದು ಮಣ್ಣಿನ ಪಾತ್ರೆಯಲ್ಲಿ ಬಿತ್ತಿದ ಬೀಜಕ್ಕೆ ಹೊತ್ತುಹೊತ್ತಿಗೆ ನೀರುಣಿಸಿದವರಿಗೆ ಅಂಥ ಸ್ಥಾನ ದೊರೆಯಲಿಲ್ಲ. ಅವರಲ್ಲಿ ಹೆಚ್ಚಿನವರು ಹೆಂಗಸರು. ಅವರಿಗೆ ಪಾತ್ರೆಯನ್ನು ಮಾಡಿಕೊಟ್ಟವರು ಕುಂಬಾರರು. ಶಾಸನ ಹಾಕಿಸುವ ಅವಕಾಶ ಈ ಇಬ್ಬರಿಗೂ ಒದಗಿದುದು ಅಪರೂಪ.

ವಿಷಯವು ಸಣ್ಣದೆಂದು ತೋರಬಹುದು. ಆದರೆ ಸಸಿಗೆ ನೀರೆರೆಯುವ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಹೊಲದಲ್ಲಿ ಬೇರುಬಿಟ್ಟ ಪೈರಿಗೆ ಒಂದು ದಿನ ನೀರು ತಪ್ಪಿದರೆ ಅದು ಆಳದ ತೇವವನ್ನು ಹುಡುಕಿಕೊಳ್ಳುತ್ತದೆ. ಆಗತಾನೆ ಒಡೆದ ಮೊಳಕೆಗೆ ಆ ಶಕ್ತಿಯಿಲ್ಲ. ಅದರ ಬೇರು ಮೇಲಿನ ಒಂದಂಗುಲ ಮಣ್ಣನ್ನು ಬಿಟ್ಟು ಕೆಳಗೆ ಇಳಿದಿರುವುದಿಲ್ಲ. ಆ ಒಂದಂಗುಲ ಒಣಗಿದರೆ ಸಸಿ ಬಾಡುತ್ತದೆ. ಕೆಸರಾದರೆ ಬುಡ ಕೊಳೆಯುತ್ತದೆ. ಒಂದೇ ಪಾತ್ರೆಯಲ್ಲಿ ನೀರು ಬಿದ್ದ ಕಡೆ ಕೊಳೆ, ಬೀಳದ ಕಡೆ ಒಣಗು ಎಂಬಂತಾಗುವುದೂ ಉಂಟು. ಆದ್ದರಿಂದ ನೀರು ಸಮನಾಗಿ ಹರಡಬೇಕು, ಹೆಚ್ಚು ವೆಚ್ಚವೂ ಆಗಬಾರದು. ಈ ಎರಡು ಬೇಡಿಕೆಗಳನ್ನು ಹಿಂದಿನವರು ಹೇಗೆ ಪೂರೈಸಿಕೊಂಡರು, ಆ ತಿಳಿವಳಿಕೆ ಚೆನ್ನೈಯಂಥ ನಗರದಲ್ಲಿ ಹೇಗೆ ಉಳಿಯಿತು ಮತ್ತು ಹೇಗೆ ಅಳಿಯುತ್ತಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ತಮಿಳುನಾಡಿನ ಮದುವೆಗಳಲ್ಲಿ ಪಾಲಿಕೈ ಎಂಬ ಮಂಗಲಕಾರ್ಯ ಇಂದಿಗೂ ನಡೆಯುತ್ತದೆ. ಇದೇ ಸಂಸ್ಕೃತದ ಪಾಲಿಕಾ. ಕನ್ನಡಿಗರು ಈ ಕಾರ್ಯವನ್ನು ಅಂಕುರಾರ್ಪಣವೆಂದು ಕರೆಯುತ್ತಾರೆ. ಐದು ಮಣ್ಣಿನ ಪಾತ್ರೆಗಳಲ್ಲಿ ಮಣ್ಣು ತುಂಬಿ, ನೆನೆಸಿದ ನವಧಾನ್ಯಗಳನ್ನು ಮುತ್ತೈದೆಯರು ಬಿತ್ತಿ ನೀರನ್ನೂ ಹಾಲನ್ನೂ ಎರೆಯುತ್ತಾರೆ. ನಡುವಣ ಪಾತ್ರೆಗೆ ಬ್ರಹ್ಮನೂ ಸುತ್ತಣ ನಾಲ್ಕಕ್ಕೆ ಇಂದ್ರ, ಯಮ, ವರುಣ, ಸೋಮರೂ ಅಧಿದೇವತೆಗಳು. ಮದುವೆ ಮುಗಿದ ಮೇಲೆ ಮೊಳಕೆಗಳನ್ನು ನೀರಿನಲ್ಲಿ ಬಿಡುವುದು ಸಂಪ್ರದಾಯ.

ಈ ಪದ್ಧತಿ ಬಹು ಪ್ರಾಚೀನವಾದುದು. ‘ಶಿಲಪ್ಪದಿಕಾರಂ’ ಕಾವ್ಯದ ಮೊದಲ ಭಾಗದಲ್ಲಿ ಕೋವಲನ್ ಮತ್ತು ಕಣ್ಣಗಿಯರ ವಿವಾಹವನ್ನು ವರ್ಣಿಸುವಾಗ, ಪಾಲಿಕೆಗಳನ್ನೂ ಮೊಳಕೆಯ ಕುಡಿಕೆಗಳನ್ನೂ ಹಿಡಿದು ಬರುವ ಹೆಂಗಸರನ್ನು ಕವಿ ತೋರಿಸಿದ್ದಾನೆ. ಆ ಕಾವ್ಯವನ್ನು ಓಲೆಗರಿಗಳಿಂದ ಎತ್ತಿ ಮೊದಲು ಪೂರ್ಣವಾಗಿ ಅಚ್ಚು ಹಾಕಿಸಿದ ಉ. ವೇ. ಸ್ವಾಮಿನಾಥ ಅಯ್ಯರ್ ಅವರ ಆವೃತ್ತಿ ೧೮೯೨ರಲ್ಲಿ ಮದರಾಸಿನಲ್ಲಿಯೇ ಹೊರಬಂದಿತು.

ದೇವಾಲಯಗಳಲ್ಲಿಯೂ ಉತ್ಸವಕ್ಕೆ ಮುನ್ನ ಅಂಕುರಾರ್ಪಣ ನಡೆಯತಕ್ಕದ್ದೆಂದು ಆಗಮಗಳು ವಿಧಿಸುತ್ತವೆ. ಪಾಲಿಕಾ, ಘಟಿಕಾ, ಶರಾವ ಎಂದು ಮೂರು ಆಕಾರದ ಪಾತ್ರೆಗಳನ್ನು ಅವು ಹೆಸರಿಸುತ್ತವೆ. ಬಿತ್ತುವ ಕಾಲ ರಾತ್ರಿ. ಓಷಧಿಗಳಿಗೆ ಒಡೆಯನಾದ ಸೋಮನು ದೇವತೆ. ಉತ್ಸವಕ್ಕೆ ಒಂಬತ್ತು, ಏಳು, ಐದು ಅಥವಾ ಮೂರು ದಿನ ಮೊದಲು ಬಿತ್ತಿ ಪಾತ್ರೆಗಳನ್ನು ಮರೆಯಲ್ಲಿ ಕಾಪಾಡುತ್ತಾರೆ. ಮೊಳಕೆ ನೆಟ್ಟಗೆ, ಬೆಳ್ಳಗೆ ಅಥವಾ ಹಳದಿಯಾಗಿ ಬಂದರೆ ಶುಭ. ಕಪ್ಪಾಗಿ, ಸೊಟ್ಟಗಾಗಿ ಬಂದರೆ ಅಶುಭ.

ಈ ಶಕುನದಲ್ಲಿ ಕೃಷಿಯ ಅನುಭವವೂ ಅಡಗಿದೆಯೆಂದು ಭಾವಿಸಲು ಅವಕಾಶವುಂಟು. ಬೆಳಕು ಬೀಳದ ಕಡೆ ಹುಟ್ಟಿದ ಮೊಳಕೆಗೆ ಹಸುರು ಬಣ್ಣ ಬರುವುದಿಲ್ಲ. ಅದು ಬಿಳುಪು ಅಥವಾ ಹಳದಿಯಾಗಿಯೇ ಇರುತ್ತದೆ. ಕಪ್ಪು ಬಣ್ಣವಾದರೋ ಕೊಳೆಯುವಿಕೆಯ ಗುರುತು. ಎಂದರೆ ನೀರು ಅತಿಯಾಗಿದೆ ಅಥವಾ ಬೀಜ ಕೆಟ್ಟಿದೆ ಎಂದರ್ಥ. ಪಾತ್ರೆಯ ತಳದಲ್ಲಿ ಗರಿಕೆ ಹುಲ್ಲನ್ನೂ ಬಿಲ್ವಪತ್ರೆಯನ್ನೂ ಹಾಸಿ ಅದರ ಮೇಲೆ ಮಣ್ಣು ತುಂಬುವ ರೂಢಿಯೂ ಹೀಗೆಯೇ ವಿಚಾರಾರ್ಹವಾದುದು. ಶಾಸ್ತ್ರದ ದೃಷ್ಟಿಯಲ್ಲಿ ಅವು ಪವಿತ್ರ ವಸ್ತುಗಳು. ಸಸಿಯ ದೃಷ್ಟಿಯಲ್ಲಿ ಹೆಚ್ಚಿದ ನೀರು ಬೇರಿನ ಬಳಿ ನಿಲ್ಲದಂತೆ ಕೆಳಕ್ಕೆ ಬಸಿಯಲು ಎಡೆ ಮಾಡಿಕೊಡುವ ಹಾಸುಗೆ.

೨

ಪಾಲಿಕಾಪಾತ್ರೆಗೆ ನೀರನ್ನು ಮೇಲಿನಿಂದ ಎರೆಯುತ್ತಾರೆ. ಎಷ್ಟು ಎರೆಯಬೇಕೆಂಬುದು ಕೈಯ ಹದಕ್ಕೆ ಬಿಟ್ಟ ವಿಷಯ. ಕೈಯ ಹದವನ್ನೇ ನೆಚ್ಚದ ಇನ್ನೊಂದು ಉಪಾಯ ಉತ್ತರ ಕರ್ನಾಟಕದ ಮನೆಗಳಲ್ಲಿ ಕಂಡುಬರುತ್ತದೆ. ನವರಾತ್ರಿಯ ಪಾಡ್ಯದಂದು ಅಲ್ಲಿ ಘಟಸ್ಥಾಪನೆ ನಡೆಯುತ್ತದೆ. ‘ಘಟ್ಟ ಹಾಕುವುದು’ ಎಂಬುದು ಆಡುಮಾತು. ಹೊಲದ ಮಣ್ಣನ್ನು ತಂದು ಬುಟ್ಟಿಯಲ್ಲಿ ಅಥವಾ ಪತ್ರಾವಳಿಯ ಮೇಲೆ ಹರಡಿ, ಅದರಲ್ಲಿ ಜೋಳ, ಗೋದಿ, ಕಡಲೆ ಮೊದಲಾದ ಕಾಳುಗಳನ್ನು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆಯನ್ನು ಇಡುತ್ತಾರೆ. ಗಡಿಗೆಯ ಮೈಯಿಂದ ನೀರು ಜಿನುಗಿ ಸುತ್ತಲಿನ ಮಣ್ಣನ್ನು ತೇವವಾಗಿ ಇಡುತ್ತದೆ. ವಿಜಯದಶಮಿಯ ಹೊತ್ತಿಗೆ ಗಡಿಗೆಯ ಸುತ್ತ ಸಸಿ ಎದ್ದು ನಿಂತಿರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆತನಗಳಲ್ಲಿಯೂ ನೆರೆಯ ಮರಾಠಿ ಮನೆತನಗಳಲ್ಲಿಯೂ ಈ ಆಚರಣೆ ಸಮಾನವಾದುದು.

ನವರಾತ್ರಿಯ ಕಾಲ ಆ ಸೀಮೆಯಲ್ಲಿ ಹಿಂಗಾರಿ ಬಿತ್ತನೆಯ ಕಾಲವೂ ಹೌದು. ಬಿತ್ತಬೇಕಾದ ಕಾಳಿನ ಒಂದು ಹಿಡಿಯನ್ನು ದೇವರ ಮುಂದೆ ಮೊಳೆಯಿಸಿ ನೋಡುವುದರಿಂದ ಬೀಜದ ಗುಣ ತಾನಾಗಿಯೇ ತಿಳಿಯುತ್ತದೆ. ಈ ಪರೀಕ್ಷೆ ನಂಬತಕ್ಕದ್ದಾಗಬೇಕಾದರೆ ಎಲ್ಲ ಕಾಳಿಗೂ ಒಂದೇ ಸಮನಾಗಿ ನೀರು ದೊರೆಯಬೇಕು. ಇಲ್ಲವಾದರೆ ಮೊಳೆಯದ ಕಾಳು ಕೆಟ್ಟದ್ದೋ, ಬಾಯಾರಿದ್ದೋ ಎಂದು ಹೇಳುವುದು ಹೇಗೆ?

ಗಡಿಗೆಯ ಗುಟ್ಟು ಅದರ ಮೈಯಲ್ಲಿದೆ. ಮೆರುಗು ಹಾಕದೆ ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಹೊರಗಣ ಮಣ್ಣು ಒಣಗಿದಾಗ ಅದು ಗಡಿಗೆಯ ನೀರನ್ನು ಹೆಚ್ಚಾಗಿ ಸೆಳೆಯುತ್ತದೆ. ತೇವವಾಗಿರುವಾಗ ಸೆಳೆತ ಕಡಿಮೆಯಾಗಿ ಜಿನುಗುವಿಕೆಯೂ ಇಳಿಯುತ್ತದೆ. ಹೀಗೆ ಎಷ್ಟು ನೀರು ಬೇಕೆಂಬುದನ್ನು ಎರೆಯುವವರು ಊಹಿಸಬೇಕಾಗಿಲ್ಲ. ಮಣ್ಣೇ ಕೇಳಿ ಪಡೆಯುತ್ತದೆ. ಚೀನಾ ದೇಶದಲ್ಲಿ ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಫಾನ್ ಶೆಂಗ್‌ಜಿಯ ಕೃಷಿಗ್ರಂಥ ಇದೇ ಉಪಾಯವನ್ನು ಹೇಳುತ್ತದೆ: ಮಡಕೆಯನ್ನು ಕತ್ತಿನವರೆಗೆ ಹೂತು, ಸುತ್ತ ಕುಂಬಳದ ಜಾತಿಯ ಬೀಜಗಳನ್ನು ಊರಿ, ಮಡಕೆ ಬರಿದಾಗದಂತೆ ನೀರು ತುಂಬುತ್ತಿರಬೇಕು. ನಮ್ಮ ದೇಶದಲ್ಲಿ ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾಲಯದ ವಿಜ್ಞಾನಿಗಳು ೧೯೭೦ರ ದಶಕದಲ್ಲಿ ಹೂತ ಮಡಕೆಯ ಬೇಸಾಯವನ್ನು ಪ್ರಯೋಗಕ್ಕೆ ತಂದರು. ನವರಾತ್ರಿಯ ಘಟದಲ್ಲಿ ಅಡಗಿರುವುದೂ ಇದೇ ತತ್ತ್ವ.

ಇದಕ್ಕೆ ಸಮೀಪದ ಇನ್ನೊಂದು ಸಾಧನ ಧಾರಾಪಾತ್ರೆ. ವೈಶಾಖದ ಬಿಸಿಲಿನಲ್ಲಿ ಶಿವಲಿಂಗದ ಮೇಲೆ, ತುಲಸಿಯ ಮೇಲೆ, ತಳದಲ್ಲಿ ಸಣ್ಣ ತೂತುಳ್ಳ ಪಾತ್ರೆಯನ್ನು ತೂಗುಹಾಕಿ ಹನಿಹನಿಯಾಗಿ ನೀರು ಬೀಳುವಂತೆ ಮಾಡುವರು. ಚೆನ್ನೈಯ ಶಿವಾಲಯಗಳಲ್ಲಿ ಅಗ್ನಿನಕ್ಷತ್ರದ ಸುಡುದಿನಗಳಲ್ಲಿ ಇದನ್ನು ಕಾಣಬಹುದು. ತೂತಿಗೆ ದರ್ಭೆಯನ್ನೋ ಬಟ್ಟೆಯ ಬತ್ತಿಯನ್ನೋ ಸಿಕ್ಕಿಸಿದರೆ ಹನಿಯ ವೇಗವನ್ನು ಹಿಡಿತಕ್ಕೆ ತರಬಹುದು. ಆದರೆ ಧಾರಾಪಾತ್ರೆ ಒಂದೇ ಬಿಂದುವಿಗೆ ನೀರು ಕೊಡುತ್ತದೆ; ಘಟವಾದರೋ ಸುತ್ತಲೂ ಕೊಡುತ್ತದೆ. ಹಲವು ಮೊಳಕೆಗಳಿಗೆ ಘಟವೇ ಮೇಲು.

೩

ಗ್ರಂಥಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ನೆಟ್ಟ ಗಿಡಗಳಿಗೆ ಬೇಸಿಗೆಯಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆರೆಯಬೇಕೆಂದು ವಿಧಿಸಿದ್ದಾನೆ. ಕನ್ನಡದಲ್ಲಿ ಈ ಶಾಸ್ತ್ರವನ್ನು ತಂದ ಮಹನೀಯರಲ್ಲಿ ಕಲ್ಯಾಣದ ಚಾಳುಕ್ಯ ಜಯಸಿಂಹನ ಕಾಲದ ಚಾವುಂಡರಾಯನು ಮುಖ್ಯನು. ಸುಮಾರು ೧೦೨೫ರಲ್ಲಿ ಅವನು ರಚಿಸಿದ ‘ಲೋಕೋಪಕಾರಂ’ ಜ್ಯೋತಿಷ, ವಾಸ್ತು, ಅಂತರ್ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಾಕ, ವೈದ್ಯ ಮುಂತಾಗಿ ಲೋಕಕ್ಕೆ ಬೇಕಾದ ವಿದ್ಯೆಗಳನ್ನು ಒಂದೆಡೆ ಸೇರಿಸಿದ ಗ್ರಂಥ.

ಈ ಕನ್ನಡ ಗ್ರಂಥಕ್ಕೂ ಚೆನ್ನೈಗೂ ಇರುವ ಸಂಬಂಧವನ್ನು ಇಲ್ಲಿ ನೆನೆಯತಕ್ಕದ್ದು. ಎಚ್. ಶೇಷ ಅಯ್ಯಂಗಾರ್ಯರ ಸಂಪಾದಕತ್ವದಲ್ಲಿ ‘ಲೋಕೋಪಕಾರಂ’ ೧೯೫೦ರಲ್ಲಿ ಪ್ರಕಟವಾದುದು ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಾಂಡಾರದಿಂದ. ಮುಂದೆ ೨೦೦೬ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಷನ್ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದಿತು.

ವರಾಹಮಿಹಿರನ ನಿಯಮದಲ್ಲಿ ಕಾಲದ ಲೆಕ್ಕವಿದೆ. ಋತುವಿಗೆ ತಕ್ಕ ವಿವೇಕವಿದೆ. ಆದರೆ ಅದು ಬಯಲಿನಲ್ಲಿ ನೆಟ್ಟ ಗಿಡವನ್ನು ಕುರಿತದ್ದು. ಸೂರಿನ ಕೆಳಗಣ ಮೊಳಕೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆಗಮಗಳು ಒಳಗಿನ ಮೊಳಕೆಯನ್ನು ಹೇಳಿದರೂ ಅವುಗಳ ಗಮನವೆಲ್ಲ ಮಂತ್ರ, ಮುಹೂರ್ತ, ದೇವತೆಗಳ ಮೇಲೆ. ನೀರಿನ ಹದ ಮಾತ್ರ ಅಜ್ಜಿಯಿಂದ ಮೊಮ್ಮಗಳಿಗೆ, ಕುಂಬಾರನಿಂದ ಅವನ ಮಗನಿಗೆ ಬಾಯಿಮಾತಿನಲ್ಲಿಯೂ ಕೈಕೆಲಸದಲ್ಲಿಯೂ ಸಾಗಿಬಂದಿತು. ಗ್ರಂಥಸ್ಥವಾದ ವಿದ್ಯೆಯನ್ನು ಹಸ್ತಪ್ರತಿ ಭಾಂಡಾರ ಕಾಪಾಡಬಲ್ಲುದು. ಕೈಯಲ್ಲಿರುವ ವಿದ್ಯೆಯನ್ನು ಕಾಪಾಡುವ ಭಾಂಡಾರ ಕೈಯೊಂದೇ.

೪

ಹತ್ತೊಂಬತ್ತನೆಯ ಶತಮಾನದಲ್ಲಿ ಸಸಿ ಬೆಳೆಸುವ ಕೆಲಸ ಮದರಾಸಿನಲ್ಲಿ ಹೊಸ ರೂಪ ತಾಳಿತು. ಸಸ್ಯಶಾಸ್ತ್ರಜ್ಞ ಡಾಕ್ಟರ್ ರಾಬರ್ಟ್ ವೈಟ್ ಮೊದಲಾದವರ ಪ್ರಯತ್ನದಿಂದ ೧೮೩೫ರಲ್ಲಿ ಕೃಷಿ-ತೋಟಗಾರಿಕಾ ಸಂಘ ಸ್ಥಾಪಿತವಾಗಿ, ಸೇಂಟ್ ಜಾರ್ಜ್ ಕೆಥೆಡ್ರಲಿನ ಬಳಿ ಅದರ ತೋಟ ಬೆಳೆಯಿತು. ಈ ತೋಟದ ಒಂದು ಭಾಗದಲ್ಲಿಯೇ ದಕ್ಷಿಣ ಕನ್ನಡದಿಂದ ಬಂದು ಹೋಟೆಲು ಉದ್ಯಮದಲ್ಲಿ ಹೆಸರಾದ ಕೆ. ಕೃಷ್ಣರಾಯರು ೧೯೬೨ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಉಪಾಹಾರಗೃಹವನ್ನು ತೆರೆದರು. ಅದು ೨೦೦೮ರಲ್ಲಿ ಮುಚ್ಚಿ, ೨೦೧೦ರಲ್ಲಿ ಆ ನೆಲದ ಮೇಲೆ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನವಾಯಿತು.

ಸಂಘ ಹುಟ್ಟಿದ ಕಾಲದಲ್ಲಿಯೇ ಲಂಡನ್ನಿನ ವೈದ್ಯ ನೆಥೇನಿಯಲ್ ವಾರ್ಡನ ಗಾಜಿನ ಪೆಟ್ಟಿಗೆ ಲೋಕಪ್ರಸಿದ್ಧವಾಗುತ್ತಿತ್ತು. ಮುಚ್ಚಿದ ಗಾಜಿನೊಳಗೆ ಸಸ್ಯಗಳು ಹೊರಗಿನ ನೀರಿಲ್ಲದೆಯೇ ಬದುಕುವುದನ್ನು ಅವನು ೧೮೨೯ರಲ್ಲಿ ಗಮನಿಸಿದನು; ೧೮೩೩ರಲ್ಲಿ ಅಂಥ ಪೆಟ್ಟಿಗೆಗಳು ಗಿಡಗಳೊಡನೆ ಸಿಡ್ನಿಯನ್ನು ಮುಟ್ಟಿದವು. ಎಲೆಗಳಿಂದ ಆವಿಯಾದ ನೀರು ಗಾಜಿಗೆ ತಾಗಿ ಹನಿಗಟ್ಟಿ ಮತ್ತೆ ಮಣ್ಣಿಗೆ ಇಳಿಯುತ್ತದೆ. ಹಡಗಿನಲ್ಲಿ ಸಿಹಿನೀರಿನ ಬೆಲೆ ಬಲ್ಲವರಿಗೆ ಇದು ದೊಡ್ಡ ಉಪಕಾರವಾಯಿತು.

ಆದರೆ ಗಾಜಿಗೆ ತನ್ನದೇ ಆದ ದೋಷವಿತ್ತು. ಮಲೇರಿಯಾ ಜ್ವರಕ್ಕೆ ಮದ್ದಾದ ಸಿಂಕೋನಾ ಗಿಡಗಳನ್ನು ಕ್ಲೆಮೆಂಟ್ಸ್ ಮಾರ್ಕಮ್ ದಕ್ಷಿಣ ಅಮೆರಿಕದಿಂದ ವಾರ್ಡನ ಪೆಟ್ಟಿಗೆಗಳಲ್ಲಿ ತಂದಾಗ, ಕೆಂಪು ಸಮುದ್ರದ ತಾಪವನ್ನು ದಾಟಿ ೧೮೬೦ರಲ್ಲಿ ನೀಲಗಿರಿಯನ್ನು ಮುಟ್ಟಿದ ಗಿಡಗಳು ಉಳಿಯಲಿಲ್ಲ. ಮರುವರ್ಷ ಬೇರೊಂದು ಜಾತಿಯ ಗಿಡಗಳು ಜೀವದಿಂದ ಬಂದ ಮೇಲೆಯೇ ಮದರಾಸು ಪ್ರಾಂತದಲ್ಲಿ ಸಿಂಕೋನಾ ನೆಲೆಯೂರಿತು. ಮುಚ್ಚಿದ ಗಾಜು ನೀರನ್ನು ಹಿಡಿದಿಡುವುದು ನಿಜ. ಅದರೊಡನೆ ಬಿಸಿಯನ್ನೂ ಹಿಡಿದಿಡುತ್ತದೆ. ಮಣ್ಣಿನ ಪಾತ್ರೆಯಾದರೋ ಬೆವರಿ ತಣ್ಣಗಾಗುತ್ತದೆ. ಚಳಿಯ ದೇಶದಲ್ಲಿ ಸಸಿಗೆ ಗಾಜಿನ ಮನೆ ಹಿತವಾದರೆ, ಮದರಾಸಿನಂಥ ಬಿಸಿಯೂರಿನಲ್ಲಿ ಗರಿಯ ಚಪ್ಪರವೂ ಮಣ್ಣಿನ ಕುಡಿಕೆಯೂ ಹಿತ.

ನೀರು ಹೆಚ್ಚಾದರೆ ಸಸಿ ಏಕೆ ಸಾಯುತ್ತದೆ ಎಂಬುದಕ್ಕೂ ಇದೇ ಕಾಲಾವಧಿಯಲ್ಲಿ ಉತ್ತರ ದೊರೆಯಿತು. ಕೆಸರಿನಂಥ ಮಣ್ಣಿನಲ್ಲಿ ಪಿಥಿಯಮ್ ಎಂಬ ಸೂಕ್ಷ್ಮಜೀವಿ ಬೆಳೆದು ಎಳೆಯ ಕಾಂಡವನ್ನು ನೆಲಮಟ್ಟದಲ್ಲಿ ಕೊಳೆಸುತ್ತದೆ. ನಿಂತಿದ್ದ ಸಸಿ ರಾತ್ರಿ ಬೆಳಗಾಗುವುದರೊಳಗೆ ಮಲಗಿಬಿಡುತ್ತದೆ. ಪೂಸಾದಲ್ಲಿ ಶಿಲೀಂಧ್ರಶಾಸ್ತ್ರಜ್ಞನಾಗಿದ್ದ ಇ. ಜೆ. ಬಟ್ಲರ್ ಈ ಕುಲವನ್ನು ಕುರಿತ ತನ್ನ ವಿವರವಾದ ಪ್ರಬಂಧವನ್ನು ೧೯೦೭ರಲ್ಲಿ ಪ್ರಕಟಿಸಿದನು. ಕಪ್ಪಾದ ಮೊಳಕೆ ಅಶುಭವೆಂದವರು ಕಂಡದ್ದು ಇಂಥ ಕೊಳೆಯನ್ನೇ ಇರಬಹುದು.

೫

ಇನ್ನು ನೀರಿನ ಬೆಲೆಯ ಮಾತು. ಮದರಾಸು ನದಿಯ ನಗರವಲ್ಲ. ಕೆರೆಗಳ, ಬಾವಿಗಳ ನಗರ. ಕೋಟೆಗೆ ನೀರೊದಗಿಸಲು ೧೭೭೨ರಲ್ಲಿ ಏಳು ಬಾವಿಗಳ ಯೋಜನೆ ಬಂದಿತು. ೧೮೭೨ರಲ್ಲಿ ಸೆಂಗುನ್ರಂ ಕೆರೆಯ ನೀರು, ೧೯೧೪ರಲ್ಲಿ ಕೀಳ್ಪಾಕ್ಕಿನ ಜಲಶುದ್ಧೀಕರಣ ಕೇಂದ್ರ, ೧೯೪೪ರಲ್ಲಿ ಪೂಂಡಿಯ ಜಲಾಶಯ, ೧೯೯೬ರಲ್ಲಿ ಕೃಷ್ಣಾ ನದಿಯ ನೀರು ಹೀಗೆ ಒಂದೊಂದಾಗಿ ಕೂಡಿಕೊಂಡರೂ ಬಾಯಾರಿಕೆ ತೀರಲಿಲ್ಲ. ವರ್ಷಕ್ಕೆ ಸುಮಾರು ೧೪೦ ಸೆಂಟಿಮೀಟರು ಮಳೆ ಬಿದ್ದರೂ ಅದರ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ್ದು. ೨೦೦೩ರಲ್ಲಿ ರಾಜ್ಯದ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹಣೆ ಕಡ್ಡಾಯವಾಯಿತು. ಆದರೂ ೨೦೧೯ರ ಜೂನಿನಲ್ಲಿ ನಗರದ ನಾಲ್ಕು ಮುಖ್ಯ ಜಲಾಶಯಗಳು ಬತ್ತಿದಂತಾಗಿ, ಜುಲೈಯಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಕುಡಿಯುವ ನೀರಿಗೆ ಕೊಡ ಹಿಡಿದು ಸಾಲು ನಿಂತವರು ಕುಂಡಕ್ಕೆ ನೀರು ಹೊಯ್ಯಲು ಹಿಂಜರಿಯದಿರುವರೆ?

ನವರಾತ್ರಿ ಬರುವುದು ಈಶಾನ್ಯ ಮಾರುತಕ್ಕೆ ತುಸು ಮುನ್ನ. ಎಂದರೆ ಕೆರೆಗಳಲ್ಲಿ ನೀರು ತಗ್ಗಿರುವ ಸಮಯದಲ್ಲಿ. ಚೆನ್ನೈಯ ತಮಿಳು ಮನೆಗಳಲ್ಲಿ ಗೊಲುವಿನ ಮೆಟ್ಟಿಲುಗಳ ಮುಂದೆ, ಹಳೆಯ ಮೈಸೂರಿನಿಂದ ಬಂದ ಕನ್ನಡ ಮನೆಗಳಲ್ಲಿ ಗೊಂಬೆಗಳ ಮುಂದೆ, ಮಕ್ಕಳು ರಾಗಿ, ಸಾಸಿವೆ, ಮೆಂತ್ಯಗಳನ್ನು ಮೊಳೆಯಿಸಿ ‘ಪಾರ್ಕು’ ಮಾಡುವ ಪದ್ಧತಿ ಇದೆ. ಒಂದು ಕಡೆ ಸೊಂಪಾಗಿ, ಇನ್ನೊಂದು ಕಡೆ ಬೋಳಾಗಿ ಬರುವ ಈ ಪಾರ್ಕುಗಳ ನಡುವೆ ಒಂದು ಸಣ್ಣ ಕುಡಿಕೆಯನ್ನು ಕೆರೆಯೆಂದು ಹೂತಿಟ್ಟರೆ ಆಟವೂ ಆಗುತ್ತದೆ, ಹಸುರೂ ಸಮನಾಗುತ್ತದೆ.

ಹಬ್ಬಕ್ಕೆ ಮಾತ್ರವಲ್ಲ, ಅಡಿಗೆಮನೆಗೂ ಸಸಿ ಬೇಕಾಗಿದೆ. ತಮಿಳುನಾಡು ಸರ್ಕಾರ ೨೦೧೩-೧೪ರಲ್ಲಿ ಚೆನ್ನೈ ಮತ್ತು ಕೊಯಮತ್ತೂರುಗಳಲ್ಲಿ ಮಾಳಿಗೆ ತೋಟದ ಯೋಜನೆಯನ್ನು ಆರಂಭಿಸಿ ಬೀಜ, ತೆಂಗಿನ ನಾರಿನ ಹುಡಿ, ಚೀಲ ಮೊದಲಾದುವನ್ನು ರಿಯಾಯಿತಿಯಲ್ಲಿ ಹಂಚಿತು. ಬದನೆ, ಟೊಮೇಟೊ, ಮೆಣಸಿನಕಾಯಿಗಳನ್ನು ಮೊದಲು ನೆರಳಿನಲ್ಲಿ ಸಸಿಮಾಡಿ ಆಮೇಲೆ ಮಾಳಿಗೆಗೆ ಏರಿಸುವುದು ಕ್ರಮ. ಈ ಮೊದಲ ಮೂರು ವಾರಗಳಲ್ಲಿಯೇ ಹೊಸಬರ ಸಸಿಗಳು ಹೆಚ್ಚಾಗಿ ಹಾಳಾಗುವುದು. ಅದಕ್ಕೆ ಕಾರಣ ಬಹುಮಟ್ಟಿಗೆ ನೀರಿನ ಏರುಪೇರು.

ಘಟದ ಕ್ರಮವನ್ನು ಅನುಸರಿಸಲು ಬೇಕಾದ ಸಾಮಗ್ರಿ ಅತ್ಯಲ್ಪ. ಮೆರುಗಿಲ್ಲದ, ಬಣ್ಣ ಬಳಿಯದ ಒಂದು ಸಣ್ಣ ಮಡಕೆ, ಅದು ಹಿಡಿಸುವಂಥ, ತಳದಲ್ಲಿ ತೂತುಳ್ಳ ಅಗಲವಾದ ಕುಂಡ, ಒಂದು ಮುಚ್ಚಳ. ಮಡಕೆಯನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಕುಂಡದ ನಡುವೆ ಕತ್ತಿನವರೆಗೆ ಹೂಳಬೇಕು. ಮಣ್ಣು ಮಡಕೆಯ ಮೈಗೆ ಒತ್ತಿಕೊಂಡಿರಬೇಕು. ಎಡೆ ಉಳಿದರೆ ನೀರು ದಾಟುವುದಿಲ್ಲ. ಮಡಕೆಯ ಸುತ್ತ, ಅರ್ಧ ಗೇಣಿನ ಒಳಗೆ, ಬೀಜವನ್ನು ಬಳೆಯಾಕಾರವಾಗಿ ಬಿತ್ತಿ ಮೊದಲ ಸಲ ಮಾತ್ರ ಮೇಲಿನಿಂದ ಚಿಮುಕಿಸಬೇಕು. ಆಮೇಲೆ ಮಡಕೆಯಲ್ಲಿ ನೀರು ಇಳಿದಂತೆ ತುಂಬಿದರೆ ಸಾಕು. ಬಿಡಿಬಿಡಿಯಾದ ಚಿಕ್ಕ ಬಟ್ಟಲುಗಳಲ್ಲಿ ಸಸಿ ಮಾಡುವವರು ಪ್ರತಿಯೊಂದರ ತಳದ ತೂತಿನಿಂದ ಹಳೆಯ ಪಂಚೆಯ ಹತ್ತಿಬತ್ತಿಯನ್ನು ಇಳಿಬಿಟ್ಟು, ಕೆಳಗೆ ಮುಚ್ಚಿದ ಪಾತ್ರೆಯಲ್ಲಿ ನೀರಿಡಬಹುದು. ಬತ್ತಿ ಎಣ್ಣೆಯನ್ನು ಏರಿಸುವಂತೆಯೇ ನೀರನ್ನೂ ಏರಿಸುತ್ತದೆ.

ಈ ಕ್ರಮಕ್ಕೆ ಮಿತಿಗಳೂ ಉಂಟು. ಕಡಲ ಬದಿಯ ಬಡಾವಣೆಗಳ ಬಾವಿನೀರು ಉಪ್ಪಾದುದರಿಂದ ಕೆಲವು ತಿಂಗಳಲ್ಲಿ ಮಡಕೆಯ ರಂಧ್ರಗಳು ಮುಚ್ಚಿಹೋಗುತ್ತವೆ. ಆಗ ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿಗಿಡಬೇಕು. ಹಿಡಿದಿಟ್ಟ ಮಳೆನೀರು ಇದಕ್ಕೆ ಉತ್ತಮ. ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರನ್ನು ಕೂಡಿಟ್ಟರೂ ಆಗುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದು ಎಳೆಯ ಸಸಿಗೆ ತಕ್ಕುದಲ್ಲ. ಮುಚ್ಚಳವನ್ನು ಮಾತ್ರ ಮರೆಯಲಾಗದು. ತೆರೆದ ಸಿಹಿನೀರಿನಲ್ಲಿ ಡೆಂಗಿ ಜ್ವರದ ಸೊಳ್ಳೆ ಮೊಟ್ಟೆಯಿಡುತ್ತದೆ.

೬

ಮೇಲೆ ಹೇಳಿದ ಸಾಧನ ಅಗ್ಗವಾಗಿರುವುದು ಕುಂಬಾರನು ಇರುವವರೆಗೆ ಮಾತ್ರ. ಪುರಸವಾಕ್ಕದ ಬಳಿಯ ಕೊಸಪೇಟೆಯು ಕುಂಬಾರರ ಕೇರಿ. ತಮಿಳಿನಲ್ಲಿ ಕುಶವರ್ ಎಂದರೆ ಕುಂಬಾರರು. ವಿನಾಯಕ ಚತುರ್ಥಿಯ ಮೂರ್ತಿಗಳಿಗೂ ಗೊಲುವಿನ ಗೊಂಬೆಗಳಿಗೂ ಆ ಕೇರಿ ಹೆಸರಾಗಿದೆ. ನೀರಿನ ಮಡಕೆಯ ಸ್ಥಾನವನ್ನು ಪ್ಲಾಸ್ಟಿಕ್ಕು ಕೊಡವೂ ಶೀತಕ ಪೆಟ್ಟಿಗೆಯೂ ಆಕ್ರಮಿಸಿದ ಮೇಲೆ ಹಬ್ಬದ ವ್ಯಾಪಾರವೇ ಅಲ್ಲಿಯವರಿಗೆ ದೊಡ್ಡ ಆಧಾರ. ಜಿನುಗುವ ಮಡಕೆಗೆ ಬೇಕಾದ ಮಣ್ಣಿನ ಹದ, ಮರಳಿನ ಪಾಲು, ಸುಡುವ ಕಾವು 'ಇಷ್ಟು' ಎಂದು ಯಾವ ಗ್ರಂಥವೂ ಅವರಿಗೆ ಕಲಿಸಲಿಲ್ಲ. ಅಂಥ ಮಡಕೆಗೆ ಗಿರಾಕಿಗಳಿಲ್ಲವಾದರೆ ಒಂದು ತಲೆಮಾರಿನಲ್ಲಿ ಆ ಹದವೂ ಮರೆತುಹೋಗುತ್ತದೆ.

ಮನೆಯೊಳಗಿನ ತಿಳಿವಳಿಕೆಯ ಗತಿಯೂ ಹೀಗೆಯೇ. ಮದುವೆಗಳು ನಾಲ್ಕೈದು ದಿನ ನಡೆಯುತ್ತಿದ್ದಾಗ ಪಾಲಿಕಾಪಾತ್ರೆಯ ಕಾಳು ಮೊಳೆತು ನಿಲ್ಲುವುದನ್ನು ನೆಂಟರೆಲ್ಲರೂ ಕಣ್ಣಾರೆ ಕಾಣುತ್ತಿದ್ದರು. ನೀರೆರೆದ ಕೈ ಹದವಾಗಿತ್ತೇ ಇಲ್ಲವೇ ಎಂಬುದು ಬಯಲಾಗುತ್ತಿತ್ತು. ಈಗ ಮದುವೆ ಒಂದೂವರೆ ದಿನಕ್ಕೆ ಇಳಿದಿದೆ. ಬಿತ್ತಿದ ಕಾಳು ಒಡೆಯುವ ಮೊದಲೇ ವಿಸರ್ಜನೆಯಾಗುತ್ತದೆ. ಸಮಯವಿಲ್ಲದಾಗ ಅಂದೇ ಬಿತ್ತಿ ಅಂದೇ ಮುಗಿಸುವ ಸದ್ಯೋಂಕುರವನ್ನು ಶಾಸ್ತ್ರ ಒಪ್ಪುತ್ತದೆ, ನಿಜ. ಅದರಿಂದ ಕರ್ಮಕ್ಕೆ ಲೋಪವಿಲ್ಲ. ಆದರೆ ಮೊಳಕೆಯನ್ನೇ ಕಾಣದವರಿಗೆ ಅದರ ಬಾಯಾರಿಕೆಯ ಗುರುತು ಹೇಗೆ ಸಿಕ್ಕೀತು?

ಚೆನ್ನೈಯ ಕನ್ನಡ ಮನೆಗಳಲ್ಲಿ ಧಾರವಾಡ, ವಿಜಯಪುರ, ಬೆಳಗಾವಿಗಳ ಕಡೆಯಿಂದ ಬಂದು ಘಟ ಹಾಕುವ ಹಿರಿಯ ಹೆಂಗಸರು ಇನ್ನೂ ಇದ್ದಾರೆ. ಎಂಥ ಗಡಿಗೆಯನ್ನು ಆರಿಸುತ್ತಾರೆ, ಯಾವ ಮಣ್ಣನ್ನು ಎಷ್ಟು ಹರಡುತ್ತಾರೆ, ಎಷ್ಟು ದಿನಕ್ಕೊಮ್ಮೆ ನೀರು ತುಂಬುತ್ತಾರೆ, ಯಾವ ಕಾಳನ್ನು ಹತ್ತಿರ, ಯಾವುದನ್ನು ದೂರ ಬಿತ್ತುತ್ತಾರೆ ಎಂಬುದನ್ನು ಅವರಿಂದ ಕೇಳಿ ಬರೆದಿಟ್ಟರೆ ಅದು ‘ಲೋಕೋಪಕಾರ’ದ ವೃಕ್ಷಾಯುರ್ವೇದಕ್ಕೆ ಒಂದು ಅನುಬಂಧವಾದೀತು. ಹಸ್ತಪ್ರತಿಗಳನ್ನು ಹುಡುಕಿ ಅಚ್ಚು ಹಾಕಿಸಿದ ವಿದ್ವಾಂಸರು ಈ ನಗರದಲ್ಲಿ ಆಗಿಹೋಗಿದ್ದಾರೆ. ಬರುವ ನವರಾತ್ರಿಯಲ್ಲಿ ಈ ವಿವರಗಳನ್ನು ಸಂಗ್ರಹಿಸಲು ಅಷ್ಟು ಪಾಂಡಿತ್ಯ ಬೇಕಾಗಿಲ್ಲ. ಒಂದು ಪುಸ್ತಕ, ಒಂದು ಲೇಖನಿ, ಹಿರಿಯರ ಮುಂದೆ ಕುಳಿತು ಕೇಳುವ ತಾಳ್ಮೆ ಇದ್ದರೆ ಸಾಕು.